ಎಕ್ಸ್ ಇರಲೇಬೇಕಂತೆ

7 ಆಗಸ್ಟ್ 2007, ಮಂಗಳವಾರ

ಇವತ್ತಿನದ್ದು: A E I N R T X. ಎಕ್ಸ್ ಇರಲೇಬೇಕಂತೆ. ಈ ಅಕ್ಷರಗಳಲ್ಲಿ ಆದಷ್ಟು ಪದ ಮಾಡಿ ಊಟದ ಹೊತ್ತಿನೊಳಗೆ ಕಳಿಸಬೇಕಂತೆ.

ಡೊಂಬಿವಲಿಯಿಂದ ಠಾಣೆ ತನಕ ಒಂಟಿ ಕಾಲಲ್ಲಿ ನಿಂತು TAX. ಠಾಣೆಯಲ್ಲಿ ಬ್ರಿಡ್ಜ್ ಹತ್ತಿ ಇಳಿದು ವಾಶಿ ಗಾಡಿಯಲ್ಲಿ ಸೀಟ್ ಸಿಕ್ಕಿದ ಮೇಲೆ TAXI. ರಬಾಳೆಯಲ್ಲಿ ಇಳಿದು ಫ್ಯಾಕ್ಟರಿ ಗೇಟಿಗೆ ನಡೆಯುವಾಗ NEXT. ಅಷ್ಟೇ. ಮಾಲು ಕಳಿಸುವ ಚಲನ್ ಟೈಪ್ ಮಾಡುವಾಗಲೂ ತಲೆಯಲ್ಲಿ ಎಕ್ಸ್. ಒಂದು ಪಾರ್ಟಿಯ ಹೆಸರೇ ತಪ್ಪು ಹೊಡೆದೆ. ಸಾಹೇಬರ ಹತ್ರ ಬೈಸಿಕೊಂಡದ್ದೂ ಆಯ್ತು.

ಸಂಜೆ ಕಳಿಸಿದೆ. ಉತ್ತರ ಬಂತು — "ಗುಡ್. EXTRA, EXIT ಬಿಟ್ರಿ." ಕೊನೆಗೊಂದು ನಗುವ ಮುಖ.

EXIT! ದಿನಾ ಆ ಬೋರ್ಡಿನ ಕೆಳಗೇ ನಡೆದು ಹೋಗ್ತೇನೆ.

ಯಾರಾದ್ರೂ ಕೇಳಿದರೆ ಹೇಳ್ಬೇಕು, ಇದು ನಿಶ್ಚಿತಾರ್ಥ ಆದ ಹುಡುಗ-ಹುಡುಗಿಯ ಮಾತುಕತೆ.

9 ಆಗಸ್ಟ್

ಟಿಫಿನ್ ಬಿಚ್ಚುವಾಗ ಗಂಗಕ್ಕ ನನ್ನ ಮೊಬೈಲಿಗೆ ಇಣುಕಿದಳು. ಪಕ್ಕದ ಟೇಬಲ್, ಹುಬ್ಬಳ್ಳಿಯವಳು, ಕಲ್ಯಾಣದಿಂದ ಬರ್ತಾಳೆ. ಅವಳಿಂದ ಏನೂ ಮುಚ್ಚಿಡ್ಲಿಕ್ಕೆ ಆಗುವುದಿಲ್ಲ.

"ಏನಂತಾನ ತಂಗಿ ನಿಮ್ಮ ಹುಡುಗ?"

"ಅಕ್ಷರ ಕಳಿಸ್ತಾರೆ ಅಕ್ಕಾ. ಅದರಲ್ಲಿ ಇಂಗ್ಲಿಷ್ ಪದ ಮಾಡ್ಬೇಕು."

"ಮತ್ತ? ಉಂಡಿ ಏನು, ಏನ್ ಮಾಡಾಕತ್ತಿ, ಯಾವ ಬಣ್ಣದ ಸೀರಿ ಬೇಕು — ಇದೇನೂ ಕೇಳಂಗಿಲ್ಲ?"

"ಇಲ್ಲ."

"ಅಯ್ಯ! ಇದೇನ್ ಲಗ್ನೋ, ನೌಕರಿ ಪರೀಕ್ಷಾನೋ?"

ನಕ್ಕೆ. ನಗು ಬಂದದ್ದಲ್ಲ.

ಜೂನ್‌ನಲ್ಲಿ ಆದದ್ದು ನಿಶ್ಚಿತಾರ್ಥ. ಶಂಭು ಮಾವ ತಂದ ಸಂಬಂಧ. ಮೂಲ ಉಡುಪಿಯವರೇ, ಅಜ್ಜನ ಕಾಲದಿಂದ ಮೈಸೂರು, ಈಗ ನೆರುಳ್. ಹುಡುಗ ಅಭಯ್ — ಮಹಾಪೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ನೋಡ್ಲಿಕ್ಕೆ ಬಂದ ದಿನ ಬಾಯಿ ಬಿಟ್ಟದ್ದೇ ಕಡಿಮೆ. "ಅವನದು ಮೌನ ಸ್ವಭಾವ" ಅಂದ್ರು ಅವರಮ್ಮ ರುಕ್ಮಿಣಿ ಆಂಟಿ. ಕಣ್ಣು ಚಂದ. ಬೊಬ್ಬೆ ಹೊಡೆಯುವವರ ಮನೆಯಲ್ಲಿ ಹುಟ್ಟಿದವಳು ನಾನು, ಮೌನ ಒಳ್ಳೆಯದೇ ಅಂತ ಹೂಂ ಅಂದೆ.

ಕಾಲ್ ಮಾಡಿದರೆ ಎತ್ತುವುದಿಲ್ಲ. "ಇನ್ ಎ ಮೀಟಿಂಗ್" ಅಂತ ಮೆಸೇಜ್. ಭಾನುವಾರ ಎಂತ ಮೀಟಿಂಗ್? ಮತ್ತೆ ಆಂಟಿಯೇ ಫೋನ್ ಮಾಡ್ತಾರೆ. "ಶ್ರೀಪ್ರಿಯಾ, ಚೆನ್ನಾಗಿದೀಯೇನಮ್ಮ? ಅಭಿಗೆ ಫೋನ್ ಅಂದ್ರೆ ಆಗಲ್ಲ ಕಣಮ್ಮ, ತಪ್ಪು ತಿಳ್ಕೋಬೇಡ."

18 ಆಗಸ್ಟ್, ಶನಿವಾರ

ಪಾಕೆಟ್ ಡಿಕ್ಷನರಿ ತಗೊಂಡೆ. ಪ್ರಯೋಜನ ಇಲ್ಲ. ಅವರು ಕೇಳಿದ್ದು Z ನಡುವಲ್ಲಿ ಬರುವ ಪದ. ಡಿಕ್ಷನರಿ ಶುರುವಿನ ಅಕ್ಷರ ನೋಡಿ ಜೋಡಿಸಿದ್ದು. ಹೊಟ್ಟೆಯೊಳಗೆ Z ಇರುವ ಪದ ಹುಡುಕ್ಲಿಕ್ಕೆ ಇಡೀ ಪುಸ್ತಕ ಓದ್ಬೇಕು. A ಮುಗಿಯುವಾಗ ಠಾಣೆ ಬಂತು.

LAZY, CRAZY, SIZE, PIZZA. ಕೊನೆಯದ್ದು ಇಂಚರ ಹೇಳಿದ್ದು. ನನ್ನ ತಂಗಿ ಕನ್ನಡ ಕೇಳ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲಿ. "ಅಕ್ಕಾ, ವೋ ತೇರಾ ಎಂಟ್ರೆನ್ಸ್ ಎಕ್ಸಾಮ್ ಲೇ ರಹಾ ಹೈ. ಫೇಲ್ ಹೋ ಗಯೀ ತೋ?"

ತಮಾಷೆಗೆ ಅಂದದ್ದು. ನಾನು ಡಿಕ್ಷನರಿ ಮುಚ್ಚಿಟ್ಟೆ. ಏಳನೇ ಕ್ಲಾಸ್ ತನಕ ನಾನು ಕನ್ನಡ ಶಾಲೆ. ಎಂಟರಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕಿದಾಗ ವರ್ಷವಿಡೀ ಹಿಂದಿನ ಬೆಂಚು. ಶಂಭು ಮಾವ ಅದನ್ನು ಅವರಿಗೆ ಹೇಳಿರ್ತಾರಾ? ಅದಕ್ಕೇನಾ ಈ ಪರೀಕ್ಷೆ?

26 ಆಗಸ್ಟ್, ಭಾನುವಾರ

A A F I L Q R T. ಕ್ಯೂ ಬೇಕು, ಯು ಇಲ್ಲ. ಕ್ಯೂ ಪಕ್ಕದಲ್ಲಿ ಯು ಇಲ್ಲದೆ ಯಾವ ಪದ ಉಂಟು? ಮೇಷ್ಟ್ರು ಕಲಿಸಿದ್ದೇ ಹಾಗೆ, ಎರಡೂ ಗಂಡ-ಹೆಂಡತಿ ಅಂತ.

ಸೈಬರ್‌ಗೆ ಹೋದೆ. ಇಂಥ ಅಕ್ಷರ ಇರುವ ಪದ ಬೇಕು ಅಂತ ಕೊಟ್ಟರೆ ಸಾಲು ಸಾಲು ಪಟ್ಟಿ ಕೊಡುವ ವೆಬ್‌ಸೈಟೇ ಉಂಟು! ಅಂದರೆ ನನ್ನ ಹಾಗೆ ತಲೆ ಕೆಡಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಸ್ವಲ್ಪ ಸಮಾಧಾನ. ಎರಡು ಸಿಕ್ಕಿತು. ಅಲ್ಲಿಂದಲೇ ಕಳಿಸಿದೆ. FAQIR, TALAQ.

ಕಳಿಸಿದ ಮೇಲೆ ಹೊಳೆಯಿತು. ಮದುವೆ ಆಗ್ಲಿಕ್ಕಿರುವ ಹುಡುಗನಿಗೆ ತಲಾಕ್ ಅಂತ ಮೆಸೇಜ್. ಇಂಚರ ಹಾಸಿಗೆ ಮೇಲೆ ಬಿದ್ದು ಬಿದ್ದು ನಕ್ಕಳು.

ಅವರ ಉತ್ತರ: "ವಾವ್! ಸೈಬರ್ ಕೆಫೆ?"

ಹಿಡಿದುಬಿಟ್ಟರು. ಕಾಪಿ ಹೊಡೆದ ಹುಡುಗಿಯ ಹಾಗೆ ಮುಖ ಬಿಸಿಯಾಯ್ತು. ನಾಳೆಯಿಂದ ಕಳಿಸುವುದಿಲ್ಲ. ಏನು ಬೇಕಾದರೂ ಅಂದುಕೊಳ್ಳಲಿ.

3 ಸೆಪ್ಟೆಂಬರ್

ಒಂದು ವಾರ ಸುಮ್ಮನಿದ್ದೆ. ಅವರು ದಿನಾ ಕಳಿಸಿದರು. ಇವತ್ತು ತಡೀಲಿಕ್ಕಾಗದೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದೆ — "ನಿಮಗೆ ನನ್ನ ಹತ್ರ ಆಡ್ಲಿಕ್ಕೆ ಮಾತೇ ಇಲ್ಲವಾ?"

ತುಂಬಾ ಹೊತ್ತಿನ ಮೇಲೆ — "ಇದೆ. ತುಂಬಾ ಇದೆ."

ಕಾದೆ. ಅನ್ನ ಇಳಿಸಿದೆ, ಸಾರಿಗೆ ಒಗ್ಗರಣೆ ಕೊಟ್ಟೆ, ಮತ್ತೆ ನೋಡಿದೆ.

"ಇವತ್ತಿನದು: D G H I L N T."

ಮೊಬೈಲ್ ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಹಾಕಿದೆ.

15 ಸೆಪ್ಟೆಂಬರ್, ಚೌತಿ

ಅವರನ್ನು ಊಟಕ್ಕೆ ಕರೆದಿದ್ದರು ಅಪ್ಪ. ಬಂದರು, ತಾಯಿ ಮಗ ಇಬ್ಬರೇ.

ಅಪ್ಪ ಕೇಳಿದ್ದು: "ಹಾರ್ಬರ್ ಲೈನಲ್ಲಿ ರಶ್ ಇತ್ತಾ?" ಆಂಟಿ ಹೇಳಿದ್ದು: "ಹಬ್ಬ ಅಲ್ವಾ, ಖಾಲಿ ಇತ್ತು." ಅಪ್ಪ: "ಕಂಪನಿಯಲ್ಲಿ ಕೆಲಸ ಜಾಸ್ತಿಯಾ?" ಆಂಟಿ: "ತುಂಬಾನೇ, ಪಾಪ." ಅಮ್ಮ: "ಪಾಯಸ ಇನ್ನೊಂದು ಸೌಟು?" ಆಂಟಿ: "ಸಾಕು, ಅವನು ಸಿಹಿ ಜಾಸ್ತಿ ತಿನ್ನಲ್ಲ."

ಮಗ ಬಾಳೆಲೆ ನೋಡ್ತಾ ಕೂತಿದ್ದ. ಮೌನ ಅಲ್ಲ ಇದು. ಅಮ್ಮನ ಸೆರಗಿನ ಒಳಗೆ ಕೂತ ಗಂಡಸು.

ಕೈ ತೊಳೆಯುವಲ್ಲಿ ಟವೆಲ್ ಕೊಟ್ಟೆ. ನನ್ನನ್ನೇ ನೋಡಿದರು. ಏನೋ ಹೇಳ್ತಾರೆ ಅಂತ ಕಾದೆ. ಹೆಸರು ಹಿಡಿದು ಒಮ್ಮೆ ಕರೆಯಲಿ ಅಂತ ಇತ್ತು. ಇಷ್ಟು ದಿನದಲ್ಲಿ ಒಮ್ಮೆಯೂ ಕರೆದದ್ದಿಲ್ಲ. ಕೊನೆಗೆ, "ಊಟ ಚೆನ್ನಾಗಿತ್ತು." ಅಷ್ಟೇ. ಅಪ್ಪನ ಹೋಟೆಲಿಗೆ ಬಂದ ಗಿರಾಕಿಯೂ ಅದಕ್ಕಿಂತ ಜಾಸ್ತಿ ಹೇಳ್ತಾನೆ.

ಅಮ್ಮನಿಗೆ ಹೇಳಿದರೆ, "ಕುಡಿಯುವುದಿಲ್ಲ, ಸಿಗರೇಟಿಲ್ಲ, ಜೋರು ಸ್ವರ ಇಲ್ಲ. ಇನ್ನೆಂತ ಬೇಕು ನಿನಗೆ?"

ಮಾತು ಬೇಕು ಅಂದೆ. ಅಮ್ಮನಿಗೆ ಅದು ತಮಾಷೆಯಾಗಿ ಕೇಳಿಸಿತು.

27 ಸೆಪ್ಟೆಂಬರ್

ಗಂಗಕ್ಕ ಹೇಳಿಕೊಟ್ಟ ಹಾಗೆ ಕಳಿಸಿದೆ. "ಭಾನುವಾರ ವಾಶಿಯಲ್ಲಿ ಸಿಗ್ಬೇಕು. ಆಂಟಿ ಬರಬಾರದು. ಇಲ್ಲದಿದ್ದರೆ ಈ ಮದುವೆಯ ಬಗ್ಗೆ ನಾನು ಯೋಚಿಸ್ಬೇಕಾಗ್ತದೆ."

"ಓಕೆ."

ಪಕ್ಷ ಮಾಸದಲ್ಲಿ ಎಂತ ತಿರುಗಾಟ ಅಂತ ಅಮ್ಮ. ಆಫೀಸಿನ ಕೆಲಸ ಅಂದೆ.

30 ಸೆಪ್ಟೆಂಬರ್, ಭಾನುವಾರ, ಸಂಜೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಸ್ಟೇಷನ್ ಎದುರಿನ ಮಾಲ್. ಮೇಲೆ ತಿಂಡಿಯ ಕೌಂಟರ್‌ಗಳು, ಸಾಲಿನಲ್ಲಿ ನಿಂತು ನಾವೇ ಹೇಳಿ ತರಬೇಕು. "ನಿಮಗೆ?" ಅಂದರು. ಮಸಾಲೆ ದೋಸೆ ಅಂದೆ. ಅವರ ಮುಖ ಸ್ವಲ್ಪ ಬಿಳಿಚಿತು, ನನಗೆ ಅರ್ಥ ಆಗ್ಲಿಲ್ಲ. ಹಿಂದೆಯೇ ಹೋಗಿ ನಿಂತೆ.

ಕೌಂಟರಿನವ, "ಹಾಂ ಬೋಲೋ." ಇವರು ಬಾಯಿ ತೆರೆದರು. ತುಟಿ ಒಂದಕ್ಕೊಂದು ಅಂಟಿತು. ಕಣ್ಣು ಮುಚ್ಚಿತು, ಕತ್ತಿನ ನರ ಎದ್ದಿತು. ಸ್ವರ ಇಲ್ಲ. ಒಳಗೆ ಏನೋ ಬಾಗಿಲು ದೂಡುವ ಹಾಗೆ. "ಅರೇ ಬೋಲೋ ನಾ ಸಾಬ್." ಹಿಂದಿನಿಂದ ಯಾರೋ "ಚಲೋ ಭಾಯ್, ಲೈನ್ ಹೈ." ಇನ್ನೊಬ್ಬ ನಕ್ಕ. ಮತ್ತೆ ಪ್ರಯತ್ನಿಸಿದರು — "ದ್..." ಆಗ್ಲಿಲ್ಲ. ಕೊನೆಗೆ ಒಂದೇ ಉಸಿರಿಗೆ, ಸ್ಪಷ್ಟವಾಗಿ: "ಏಕ್ ಇಡ್ಲಿ, ಏಕ್ ಉಪ್ಮಾ."

ಟ್ರೇ ತಂದು ಇಟ್ಟರು. "ನಾನು ಮಸಾಲೆ ದೋಸೆ ಹೇಳಿದ್ದು" ಅಂದೆ.

"ಇರಲಿಲ್ಲ."

ಅಷ್ಟರಲ್ಲಿ ಪಕ್ಕದ ಟೇಬಲಿಗೆ ಎರಡು ಮಸಾಲೆ ದೋಸೆ ಬಂತು. ಇಬ್ಬರೂ ನೋಡಿದೆವು.

"ಅಭಯ್," ಅಂದೆ, "ನಿಮಗೆ ಮಾತು ತಡೆಯುತ್ತದಾ?"

ತಲೆ ಆಡಿಸಿದರು. ಆಮೇಲೆ ಹೇಳಿದರು. ನಾನಿಲ್ಲಿ ಬರೆಯುವಾಗ ಸರಾಗವಾಗಿ ಬರ್ತದೆ, ಅವರು ಹೇಳುವಾಗ ಹಾಗಿರಲಿಲ್ಲ. ಉಪ್ಮಾ ತಣ್ಣಗಾಗಿ ಗಟ್ಟಿಯಾಗುವ ತನಕ ಹೇಳಿದರು. ಚಿಕ್ಕಂದಿನಿಂದ ಉಗ್ಗು. ಯಾವ ಪದ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬಾಯಿಗೆ ಬರುವ ಮೊದಲೇ ಗೊತ್ತಾಗ್ತದಂತೆ. ಕೂಡಲೇ ಅದೇ ಅರ್ಥದ್ದು, ಬೇರೆ ಅಕ್ಷರದಿಂದ ಶುರುವಾಗುವುದು ಹುಡುಕಬೇಕು.

"ಆಫೀಸಲ್ಲಿ 'ಪ್ರಾಬ್ಲಮ್' ಬರಲ್ಲ, 'ಇಶ್ಯೂ' ಅಂತೀನಿ. 'ಮಂಡೇ' ಬರಲ್ಲ, 'ಆಫ್ಟರ್ ವೀಕೆಂಡ್' ಅಂತೀನಿ. ದಿನವಿಡೀ ಇದೇ ಕೆಲಸ. ಅದಕ್ಕೇ ಇಷ್ಟೊಂದು ಪದ ಗೊತ್ತು."

"ನನ್ನ ಹೆಸರು?"

ಕೆಳಗೆ ನೋಡಿದರು. "ಅದಕ್ಕೆ ಬೇರೆ ಪದ ಇಲ್ವಲ್ಲ."

ಅಳು ಬರಬೇಕಿತ್ತೋ ಏನೋ. ನನಗೆ ಬಂದದ್ದು ಸಿಟ್ಟು. "ಇಷ್ಟು ದಿನ ನಾನು ಪೆದ್ದಿ ಅಂದುಕೊಂಡೆ! ಇಂಗ್ಲಿಷ್ ಬರುವುದಿಲ್ಲ ಅಂತ ನನ್ನನ್ನು ಅಳೆಯುತ್ತಿದ್ದೀರಿ ಅಂದುಕೊಂಡೆ. ಡಿಕ್ಷನರಿ ಹಿಡಿದು ಟ್ರೇನಿನಲ್ಲಿ ನಿಂತವಳು ನಾನು!"

"ಅಳೆಯೋದಾ?" ನಿಜವಾಗಿಯೂ ಗಾಬರಿಯಾದರು. "ಇಲ್ಲ... ಆಟ ಅಂತ. ಬರೆಯೋವಾಗ ನಾನು ನಿಲ್ಲಲ್ಲ. ನೀವು ಉತ್ತರ ಕಳಿಸಿದಾಗ... ಇಬ್ಬರೂ ಒಂದೇ ಸ್ಪೀಡಲ್ಲಿ ಮಾತಾಡ್ತಿದೀವಿ ಅನ್ನಿಸ್ತಿತ್ತು."

"ಮಾತು ಅಲ್ಲ ಅದು. ಮಾತು ಅಂದರೆ ಇದು. ಇದನ್ನು ಮೊದಲ ದಿನ ಹೇಳ್ಬೇಕಿತ್ತು."

ಎದ್ದು ಬಂದೆ. ಇಡ್ಲಿ ಮುಟ್ಟಲಿಲ್ಲ.

1 ಅಕ್ಟೋಬರ್

ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ. ಅಪ್ಪ ಶಂಭು ಮಾವನಿಗೆ ಫೋನ್. ಮಾವನಿಗೆ ಗೊತ್ತಿತ್ತಂತೆ! "ಸಣ್ಣ ವಿಷಯ ಭಾವ, ಮದುವೆ ಆದ ಮೇಲೆ ಸರಿ ಆಗ್ತದೆ" ಅಂದರಂತೆ. ಮದುವೆ ಏನು, ಕೆಮ್ಮಿನ ಔಷಧವಾ?

ಅಪ್ಪನ ಸ್ವರ ಮೂರನೇ ಮಾಳಿಗೆಗೆ ಕೇಳಿರಬೇಕು. "ನನ್ನ ಮನೆಯಲ್ಲಿ ಎಲೆ ಹಾಕಿ ಉಂಡು ಹೋದವರು! ಒಂದು ಮಾತು ಹೇಳ್ಲಿಲ್ಲ! ಮುರಿದು ಹಾಕುವ." ಅಮ್ಮ: "ಮದುವೆ ಹಾಲ್ ಬುಕ್ ಆಗಿದೆ. ಜನ ಎಂತ ಹೇಳಿಯಾರು?" ಇಂಚರ: "ಪಾಪಾ, ಚಿಲ್ಲಾವೋ ಮತ್," ಬೊಬ್ಬೆ ಹೊಡೀಬೇಡಿ ಅಂತ. ಹಾಲ್ ಉಳಿಸುವುದಾ, ಮಾನ ಉಳಿಸುವುದಾ ಅಂತ ಇಡೀ ಸಂಜೆ ಚರ್ಚೆ.

ನಿನಗೆ ಎಂತ ಬೇಕು ಅಂತ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ಎಂತ ಹೇಳುತ್ತಿದ್ದೆ, ಅದೂ ಗೊತ್ತಿಲ್ಲ.

17 ಅಕ್ಟೋಬರ್

ಬರೆಯಲಿಕ್ಕೆ ಮನಸ್ಸಿರಲಿಲ್ಲ. ರುಕ್ಮಿಣಿ ಆಂಟಿ ಎರಡು ಸಲ ಫೋನ್ ಮಾಡಿ ಅತ್ತರು. ಹಿಂದಿನ ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪಿತ್ತಂತೆ, ಹೆದರಿ ಮುಚ್ಚಿಟ್ಟರಂತೆ. ಅಭಯ್ ಕಡೆಯಿಂದ ಮೆಸೇಜ್ ಇಲ್ಲ. ಅಕ್ಷರವೂ ಇಲ್ಲ. ಆರಾಮ ಇರಬೇಕಿತ್ತು ನನಗೆ.

ಇಲ್ಲ. ರೋಗ ಅಂಟಿಸಿ ಹೋಗಿದ್ದಾರೆ. ಲೇಡೀಸ್ ಡಬ್ಬಿಯಲ್ಲಿ ಅಂಟಿಸಿದ ಜಾಹೀರಾತು ನೋಡಿದರೆ ಪದ ಬಿಡಿಸ್ತೇನೆ. ಫ್ಯಾಕ್ಟರಿಯಲ್ಲಿ ಔಷಧದ ಡ್ರಮ್ ಮೇಲಿನ ಹೆಸರು ನೋಡಿದರೂ ಬಿಡಿಸ್ತೇನೆ.

ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಲೇಟ್. ಎದುರಿಗೆ ಬೋರ್ಡ್ — RABALE. ಸುಮ್ಮನೆ ಶುರು ಮಾಡಿದೆ. REAL, BEAR, ABLE. ಮತ್ತೆ ಒಮ್ಮೆಲೇ... ಎಲ್ಲಾ ಅಕ್ಷರವೂ ಕೂತಿತು. ಒಂದೂ ಉಳೀಲಿಲ್ಲ. ARABLE! ಆ ಡಿಕ್ಷನರಿಯ A ಓದಿದ್ದು ಪೂರ್ತಿ ವೇಸ್ಟ್ ಆಗಿಲ್ಲ. ಉಳುಮೆ ಮಾಡಬಹುದಾದ ನೆಲ ಅಂತ ಅರ್ಥ. ಸುತ್ತಲೂ ಕೆಮಿಕಲ್ ಫ್ಯಾಕ್ಟರಿ, ಹುಲ್ಲು ಸಹ ಹಳದಿ. ಅದರ ನಡುವೆ ಈ ಸ್ಟೇಷನ್ನಿನ ಹೊಟ್ಟೆಯೊಳಗೆ ಗದ್ದೆ!

ಕಿರುಚಬೇಕು ಅನ್ನಿಸಿತು. ಗಂಗಕ್ಕನಿಗೆ ಹೇಳಿದೆ. "ಹೌದೇನವಾ? ಛಲೋ ಆತು. ನೋಡಲ್ಲಿ, ಗಾಡಿ ಬಂತು."

ಇಡೀ ಮುಂಬಯಿಯಲ್ಲಿ ಇದನ್ನು ಕೇಳಿ ಕುಣಿಯುವವರು ಒಬ್ಬರೇ. ಅವರ ಮೇಲೆಯೇ ನನಗೆ ಸಿಟ್ಟು. ಇಂಥ ಕರ್ಮ ಯಾರಿಗೂ ಬೇಡ.

ಐರೋಲಿ ಬರುವಾಗ ಕಳಿಸಿಬಿಟ್ಟೆ. "RABALE = ARABLE." ಬೇರೆ ಒಂದು ಅಕ್ಷರ ಬರೀಲಿಲ್ಲ.

ಮೆಸೇಜ್ ಬರಲಿಲ್ಲ. ಮೊಬೈಲ್ ಬಡಿದುಕೊಂಡಿತು. ಅವರ ಕಾಲ್. ಮೊದಲನೇ ಕಾಲ್. ಎತ್ತಿದೆ. ಗಾಡಿಯ ಸದ್ದು, ಆ ಕಡೆ ಉಸಿರು. ನಾನು ಒಂದೂ ಪದ ತುಂಬಿಸಿ ಕೊಡಬಾರದು ಅಂತ ಹಲ್ಲು ಕಚ್ಚಿ ನಿಂತೆ.

"ಎ... ಎಷ್ಟೋ ಸಲ ಆ ಸ್ಟೇಷನ್ ದಾಟಿದೀನಿ," ಅಂದರು. "ನ... ನನಗೆ ಕಂಡಿರಲಿಲ್ಲ."

"ಸೈಬರ್ ಕೆಫೆ ಅಲ್ಲ" ಅಂದೆ.

ನಕ್ಕರು. ನಗುವಾಗ ಎಲ್ಲಿಯೂ ತಡೆಯುವುದಿಲ್ಲ ಅವರಿಗೆ.

ಆಮೇಲೆ ಹೇಳಿದೆ, ಒಂದೇ ಮಾತು. "ಅಪ್ಪನ ಹತ್ರ ನೀವೇ ಬಂದು ಹೇಳಿ. ಆಂಟಿ ಬೇಡ."

28 ಅಕ್ಟೋಬರ್, ಭಾನುವಾರ

ಬಂದರು. ಹೋಟೆಲಿಗೇ. ಮಧ್ಯಾಹ್ನದ ಗಡಿಬಿಡಿ ಇಳಿದಿತ್ತು. ಅಪ್ಪ ಗಲ್ಲಾದಲ್ಲಿ, ನಾನು ಒಳಗೆ ಹೋಗುವ ಬಾಗಿಲಲ್ಲಿ.

ಅಪ್ಪನಿಗೆ ತಾಳ್ಮೆ ಅನ್ನುವುದೇ ಗೊತ್ತಿಲ್ಲ. ಗಿರಾಕಿ ಬಾಯಿ ತೆರೆಯುವ ಮೊದಲೇ ಆರ್ಡರ್ ಕೂಗುವ ಜನ. ಇವರು "ನಾನು... ನಾನು ಬಂದಿದ್ದು ಮ್... ಮ್..."

"ಮದುವೆ ಬೇಡ ಅಂತ ಹೇಳ್ಲಿಕ್ಕೆ?"

"ಅಲ್ಲ. ಮ್... ಮ್..."

"ಮಗಳ ಮೇಲೆ ದೂರಾ?"

"ಅಲ್ಲ."

"ಮತ್ತೆಂತದು ಮಾರಾಯ್ರೆ!"

"ಅಪ್ಪಾ," ಅಂದೆ, "ಒಮ್ಮೆ ಬಾಯಿ ಮುಚ್ಚಿ."

ಜೀವಮಾನದಲ್ಲಿ ಮೊದಲ ಸಲ ಹಾಗೆ ಹೇಳಿದ್ದು. ಅಪ್ಪ ನನ್ನನ್ನು ನೋಡಿದರು, ಬಾಯಿ ಮುಚ್ಚಿದರು. ಸಪ್ಲೈಯರ್‌ಗಳೆಲ್ಲ ನಿಂತು ಕೇಳ್ತಿದ್ದರು. ಅಭಯ್ ಬೇರೆ ಪದ ಹುಡುಕಲಿಲ್ಲ. ಅದೇ ಪದವನ್ನು ದೂಡಿ ದೂಡಿ ಹೊರಗೆ ತಂದರು. "ಮುಚ್ಚಿಟ್ಟಿದ್ದು ತಪ್ಪು. ಅಮ್ಮಂದಲ್ಲ, ನನ್ನದು. ಹೇಳೋದೇ ಕಷ್ಟ ಅಂತ ಹೇಳಲಿಲ್ಲ. ಕ್ಷಮಿಸಿ."

ಬೆವರಿನಲ್ಲಿ ಶರ್ಟ್ ಬೆನ್ನಿಗೆ ಅಂಟಿತ್ತು.

ಅಪ್ಪ ತುಂಬ ಹೊತ್ತು ಗಲ್ಲಾದ ಗಾಜು ಒರೆಸಿದರು. "ಕಾಫಿ ಕೊಡಿ ಇವರಿಗೆ" ಅಂದರು ಒಳಗೆ ನೋಡಿ. ಮತ್ತೆ ನನ್ನ ಕಡೆ, ತುಳುವಿನಲ್ಲಿ, ಮೆಲ್ಲಗೆ ಕೇಳಿದರು, ನಿನ್ನ ಮನಸ್ಸಿನಲ್ಲಿ ಎಂತ ಉಂಟು ಅಂತ.

ಅಂತೂ ಕೇಳಿದರು. "ಯೋಚನೆ ಮಾಡಿ ಹೇಳ್ತೇನೆ" ಅಂದೆ.

9 ನವೆಂಬರ್, ದೀಪಾವಳಿ

ಹಬ್ಬದ ದಿನ ಅಗ್ಗದ ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ. ಅವರು ಕಾಲ್ ಮಾಡಿದರು. ಪಟಾಕಿಯ ನಡುವೆ ಅರ್ಧ ಕೇಳಲಿಲ್ಲ. ಸರಿ ಕೇಳಿದ ಅರ್ಧದಲ್ಲಿ ಒಂದು ಜಗಳ. ನಾನು ನಡುವೆ ಬಾಯಿ ಹಾಕ್ತೇನಂತೆ. ಅಪ್ಪನ ಮಗಳಂತೆ. ನನಗೆ ಹೇಳುವುದಾ ಇದನ್ನು!

ಅಮ್ಮ ದಿನಾ ನನ್ನ ಮುಖ ನೋಡ್ತಾಳೆ. ಮದುವೆ ಹಾಲ್‌ನವರು ಕೇಳ್ತಿದ್ದಾರಂತೆ.

17 ನವೆಂಬರ್, ಶನಿವಾರ

ಠಾಣೆಯಲ್ಲಿ ಸಿಕ್ಕಿದೆವು, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ. ಹೇಳಿಬಿಟ್ಟೆ. "ಅಪ್ಪನ ಹತ್ರ ಹೂಂ ಅಂತ ಹೇಳ್ತೇನೆ ಇವತ್ತು."

ಖುಷಿ ಆಗ್ತಾರೆ ಅಂದುಕೊಂಡೆ. ಮುಖ ಸಣ್ಣ ಮಾಡಿ ಕೇಳಿದರು, "ಪಾಪ ಅಂತಾನಾ?"

ಉರಿಯಿತು. "ಪಾಪ ಅಂತ ಮದುವೆ ಆಗ್ಲಿಕ್ಕೆ ನಾನೇನು ಧರ್ಮಛತ್ರವಾ? ಇಷ್ಟು ದಿನ ನಿಮ್ಮ ಮೇಲೆ ಸಿಟ್ಟು ಮಾಡಿ ಮಾಡಿ ಸುಸ್ತಾಗಿದ್ದೇನೆ. ಪಾಪದವರ ಮೇಲೆ ಯಾರಾದ್ರೂ ಇಷ್ಟು ಸಿಟ್ಟು ಮಾಡ್ತಾರಾ?"

"ಹಾ... ಹಾಗಲ್ಲ. ನಾನು ಹೇಳಿದ್ದು..."

"ಎಂತ ಹೇಳಿದ್ದು? ನನ್ನ ಉತ್ತರಕ್ಕೂ ಮಾರ್ಕು ಕೊಡ್ತೀರಾ?"

ಕಲ್ಯಾಣ್ ಲೋಕಲ್ ಬಂತು. ಎದ್ದೆ, ನುಗ್ಗಿದೆ. ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ತಿರುಗಿ ನೋಡಿದರೆ ಅಲ್ಲೇ ನಿಂತಿದ್ದರು. ಬಾಯಿ ಆಡ್ತಿತ್ತು. ಹೇಳ್ತಾ ಇದ್ದರು, ಇನ್ನೂ ಹೇಳ್ತಾ ಇದ್ದರು. ಗಾಡಿ ಹೊರಟೇಬಿಟ್ಟಿತು.

ಅಪ್ಪನಿಗೆ ಏನೂ ಹೇಳಲಿಲ್ಲ. ಅವರ ಮೇಲಲ್ಲ ಈಗ, ನನ್ನ ಮೇಲೆಯೇ ಸಿಟ್ಟು. ಒಂದು ವಾಕ್ಯ ಮುಗಿಯುವ ತನಕ ನಿಲ್ಲಲಿಕ್ಕಾಗದವಳು ಒಂದು ಜನ್ಮ ಹೇಗೆ ನಿಲ್ತೇನೆ?

18 ನವೆಂಬರ್, ಭಾನುವಾರ, ಬೆಳಿಗ್ಗೆ

ಬೆಲ್ ಆಯ್ತು. ಹಾಲಿನವ ಅಂದುಕೊಂಡೆ. ಹೊರಗೆ ಅಮ್ಮನ ಸ್ವರ — "ಅಯ್ಯೋ, ನೀವಾ! ಇಷ್ಟು ಬೆಳಿಗ್ಗೆ! ಮನೆಯಲ್ಲಿ ಎಲ್ಲಾ ಕ್ಷೇಮವಾ?"

ಅವರೇ. ನೆರುಳಿನಿಂದ ಫಸ್ಟ್ ಗಾಡಿ ಹಿಡಿದಿರಬೇಕು.

"ನಿನ್ನೆ... ಒಂದು ಮಾತು ಅರ್ಧ ಆಗಿತ್ತು. ಮು... ಮುಗಿಸಿ ಹೋಗೋಣ ಅಂತ."

ಇಂಚರ ಬಾಗಿಲ ಸಂದಿಯಿಂದ ನೋಡಿ ಬಂದಳು. "ಅಕ್ಕಾ, ಜಾ ನಾ!" ತಲೆ ಬಾಚಿಲ್ಲ, ನೈಟಿಯಲ್ಲಿದ್ದೇನೆ. ಅಮ್ಮ ಕೂತುಕೊಳ್ಳಿ, ಕಾಫಿಯಾ, ಟೀಯಾ, ತಿಂಡಿ ಆಯ್ತಾ, ಟ್ರೇನ್ ಸಿಕ್ಕಿತಾ — ಒಂದಾದ ಮೇಲೊಂದು. ಉಸಿರು ಬಿಡ್ಲಿಕ್ಕೂ ಜಾಗ ಕೊಡುವುದಿಲ್ಲ. ಈಗ ಅವರು ಶುರು ಮಾಡಿದರು, ಕೇಳ್ತಾ ಉಂಟು, ನನ್ನ ಹೆಸರಲ್ಲ, ಬೇರೆ ಏನೋ, "ನಾನು ಹೇಳ್ಬೇಕಿದ್ದಿದ್ದು —" ಅಮ್ಮ ನಡುವೆ ಬಾಯಿ ಹಾಕಿದಳು. ಅಯ್ಯೋ ಅಮ್ಮಾ, ಒಂದು ನಿಮಿಷ ಸುಮ್ಮನಿರು, ಅವರಿಗೆ ಮುಗಿಸ್ಲಿಕ್ಕೆ ಬಿಡು. ಪೆನ್ನು ಇಟ್ಟು ಹೊರಗೆ ಹೋಗ್ತೇನೆ, ಈ ಸಲ ಕೊನೆ ತನಕ ನಿಲ್ತೇನೆ.